ತಗಡಿನ ದಪ್ಪ ಮತ್ತು ಕಾರಿನ ಬಾಳಿಕೆ

ಹಳೆಯ ಕಾರಿನ ಬಾನೆಟ್ ಎತ್ತಿದಾಗ ಕೈಗೆ ತಿಳಿಯುವ ಭಾರವನ್ನೂ ಕ್ರೋಮಿಯಂ ಲೇಪಿಸಿದ ಅದರ ಉಕ್ಕಿನ ಬಂಪರನ್ನೂ ಕಂಡವರು, ಹೊಸ ಕಾರಿನ ಬಾಗಿಲನ್ನು ಹೆಬ್ಬೆರಳಿನಿಂದ ಒತ್ತಿ, ತಗಡು ಒಳಕ್ಕೆ ಬಾಗುವುದನ್ನು ನೋಡಿ, ಈಗಿನ ಕಾರುಗಳಲ್ಲಿ ಗಟ್ಟಿತನವೇ ಇಲ್ಲವೆಂದು ತೀರ್ಮಾನಿಸುತ್ತಾರೆ. ಅವರು ಗಮನಿಸಿದ್ದು ಸುಳ್ಳಲ್ಲ. 1950–60ರ ದಶಕಗಳ ಅನೇಕ ಕಾರುಗಳ ಹೊರತಗಡು ಸುಮಾರು 1 ಮಿ.ಮೀ. ದಪ್ಪವಿರುತ್ತಿತ್ತು; ಈಗ ಅದು 0.7 ಮಿ.ಮೀ. ಆಸುಪಾಸಿಗೆ ಇಳಿದಿದೆ. ಆದರೆ ಹೊರತಗಡಿನ ದಪ್ಪವನ್ನೇ ಅಳತೆಗೋಲು ಮಾಡಿಕೊಂಡು ಕಾರಿನ ಬಲವನ್ನೂ ಬಾಳಿಕೆಯನ್ನೂ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ಕಾರು ಯಾವ ಕಾರಣದಿಂದ ಕೆಡುತ್ತದೆ, ಕೆಟ್ಟ ಮೇಲೆ ಅದನ್ನು ಮತ್ತೆ ಓಡುವಂತೆ ಮಾಡಲು ಬರುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಮೊದಲನೆಯದರಲ್ಲಿ ಹೊಸ ಕಾರು ಬಹಳ ಮುಂದಿದೆ. ಎರಡನೆಯದರಲ್ಲಿ ನಾವು ಕಳೆದುಕೊಂಡದ್ದು ಸಣ್ಣದಲ್ಲ ಎಂಬುದು ನನ್ನ ಅಭಿಪ್ರಾಯ.

ಬಾಗಿಲಿನ ಅಥವಾ ಬಾನೆಟ್ಟಿನ ಹೊರತಗಡು ಕಾರಿನ ಭಾರವನ್ನು ಹೆಚ್ಚೇನೂ ಹೊರುವುದಿಲ್ಲ. ಭಾರ ಹೊರುವುದು ಒಳಗಿನ ಹಂದರ: ಬಾಗಿಲ ಕೆಳಗಿನ ಪಟ್ಟಿಗಳು, ಚಾವಣಿಯನ್ನು ಎತ್ತಿ ಹಿಡಿಯುವ ಕಂಬಗಳು, ಮುಂದಿನ ಮತ್ತು ಹಿಂದಿನ ಉದ್ದ ತೊಲೆಗಳು. ಹಳೆಯ ಕಾರುಗಳಲ್ಲಿ ಇವೆಲ್ಲವೂ ಸಾಮಾನ್ಯ ಮೃದು ಉಕ್ಕಿನವು. ಎಳೆತದಲ್ಲಿ ಅದು ತಾಳಿಕೊಳ್ಳುವ ಗರಿಷ್ಠ ಒತ್ತಡ ಸುಮಾರು 300 ಮೆಗಾಪಾಸ್ಕಲ್. ಇಂದಿನ ಕಾರಿನ ಕಂಬಗಳಲ್ಲಿ ಬಳಸುವ ಬೋರಾನ್ ಉಕ್ಕು ಸುಮಾರು 1,500 ಮೆಗಾಪಾಸ್ಕಲ್‌ವರೆಗೆ ತಾಳುತ್ತದೆ. ಈ ಉಕ್ಕಿನ ಹಾಳೆಯನ್ನು 900 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಪಗೆ ಕಾಯಿಸಿ, ನೀರು ಹರಿಸಿ ತಣ್ಣಗಿರಿಸಿದ ಅಚ್ಚಿನ ನಡುವೆ ಒತ್ತುತ್ತಾರೆ. ಆಕಾರ ಪಡೆಯುವ ಹೊತ್ತಿಗೇ ಅದು ಥಟ್ಟನೆ ತಣಿದು, ಒಳಗಿನ ಹರಳುಗಳ ಜೋಡಣೆ ಮಾರ್ಟೆನ್ಸೈಟ್ ಎಂಬ ಅತಿ ಗಡಸು ರೂಪಕ್ಕೆ ತಿರುಗುತ್ತದೆ. 1984ರ ಸಾಬ್ 9000 ಕಾರಿನ ಬಾಗಿಲೊಳಗಿನ ಅಡ್ಡಪಟ್ಟಿಗಳಿಂದ ಶುರುವಾದ ಈ ವಿಧಾನ ಈಗ ಸಾಮಾನ್ಯ ಕಾರುಗಳಿಗೂ ಬಂದಿದೆ. ಹೊರತಗಡು ತೆಳುವಾದರೂ ಒಟ್ಟು ಕಾರು ಹಗುರವಾಗಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. 1974ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಸುಮಾರು 800 ಕೆ.ಜಿ. ತೂಗುತ್ತಿತ್ತು, ಅದೇ ಹೆಸರಿನ ಇಂದಿನ ಕಾರು 1,200 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಗಾತ್ರ ಹಿಗ್ಗಿದೆ, ಜೊತೆಗೆ ಹಂದರ, ಏರ್‌ಬ್ಯಾಗು, ಸದ್ದು ತಡೆಯುವ ಪದರಗಳೆಲ್ಲ ಸೇರಿವೆ.

ಈ ಎರಡು ಬಗೆಯ ನಿರ್ಮಾಣಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸಿ ಪರೀಕ್ಷಿಸಿದ್ದೂ ಆಗಿದೆ. ಅಮೆರಿಕದ ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆಯು ತನ್ನ ಐವತ್ತನೆಯ ವರ್ಷದ ನೆನಪಿಗಾಗಿ 2009ರಲ್ಲಿ 1959ರ ಶೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಶೆವ್ರೊಲೆ ಮಾಲಿಬು ಕಾರನ್ನೂ ಗಂಟೆಗೆ 64 ಕಿ.ಮೀ. ವೇಗದಲ್ಲಿ ಚಾಲಕರ ಕಡೆಯ ಮುಂಭಾಗಗಳು ಡಿಕ್ಕಿಯಾಗುವಂತೆ ಓಡಿಸಿತು. ಎರಡರ ತೂಕದಲ್ಲಿ ಭಾರಿ ವ್ಯತ್ಯಾಸವಿರಲಿಲ್ಲ. ಹಳೆಯ ಕಾರಿನ ಚಾಲಕನ ಕೋಣೆ ಕುಸಿದು, ಸ್ಟಿಯರಿಂಗ್ ಚಕ್ರವೂ ಡ್ಯಾಶ್‌ಬೋರ್ಡೂ ಹಿಂದಕ್ಕೆ ನುಗ್ಗಿದವು. ಅಲ್ಲಿ ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ. ಹೊಸ ಕಾರಿನ ಮೂತಿ ನುಜ್ಜುಗುಜ್ಜಾದರೂ ಚಾಲಕನ ಜಾಗ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಅದರ ಚಾಲಕನಿಗೆ ಕಾಲಿಗೆ ಸಣ್ಣ ಗಾಯವಾಗಬಹುದಿತ್ತು, ಅಷ್ಟೇ. ಬೆಲ್ ಏರ್‌ನ ಚಾಸಿ ನಡುವೆ ಕಿರಿದಾಗಿ ಕತ್ತರಿಯಾಕಾರದಲ್ಲಿತ್ತು, ಬದಿಗಳಲ್ಲಿ ಉದ್ದ ತೊಲೆಗಳಿರಲಿಲ್ಲ. ಹೀಗಾಗಿ ಒಂದು ಬದಿಗೆ ಬಿದ್ದ ಹೊಡೆತವನ್ನು ತಡೆಯಲು ಅಲ್ಲಿ ಏನೂ ಇರಲಿಲ್ಲ. ಹಳೆಯ ಕಾರುಗಳ ಮೇಲೆ ಪ್ರೀತಿಯಿರುವ ಪ್ರತಿಯೊಬ್ಬರೂ ಆ ಪರೀಕ್ಷೆಯ ಚಿತ್ರೀಕರಣವನ್ನು ಒಮ್ಮೆ ನೋಡಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಹಳೆಯ ಕಾರಿನಲ್ಲಿ ಕುಟುಂಬವನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವ ಮುನ್ನ ತಿಳಿದಿರಬೇಕಾದ ಸಂಗತಿ ಅದರಲ್ಲಿದೆ.

ನುಜ್ಜುಗುಜ್ಜಾಗುವ ಮೂತಿ ಹೊಸ ಕಾರಿನ ದೌರ್ಬಲ್ಯವಲ್ಲ, ಅದನ್ನು ಹಾಗೆಂದೇ ವಿನ್ಯಾಸ ಮಾಡಿರುತ್ತಾರೆ. ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. ಈ ವೇಗದಲ್ಲಿ ಗೋಡೆಗೆ ಗುದ್ದಿದ ಕಾರು ಕಾಲು ಮೀಟರಿನಷ್ಟೇ ಕುಗ್ಗಿ ನಿಂತರೆ ಒಳಗಿನ ಕೋಣೆ ಅನುಭವಿಸುವ ಸರಾಸರಿ ವೇಗಕುಂಠನ, ಅಂದರೆ ವೇಗ ಇಳಿಯುವ ದರ, ಗುರುತ್ವದ 46 ಪಟ್ಟು. ಮುಕ್ಕಾಲು ಮೀಟರ್ ಕುಗ್ಗಿ ನಿಂತರೆ ಅದು 15 ಪಟ್ಟಿಗೆ ಇಳಿಯುತ್ತದೆ. ಮೂತಿ ಬಾಗದೆ ಗಟ್ಟಿಯಾಗಿ ನಿಂತಷ್ಟೂ ಒಳಗಿನ ಪಕ್ಕೆಲುಬು, ಮೆದುಳು, ಮಹಾಧಮನಿಗಳಿಗೆ ಬೀಳುವ ಪೆಟ್ಟು ಹೆಚ್ಚುತ್ತದೆ. ಕಾರಿನ ನಡುವಿನ ಕೋಣೆ ಬಿಗಿಯಾಗಿರಬೇಕು, ಹಿಂದೆ ಮುಂದೆ ಇರುವ ಭಾಗಗಳು ಕ್ರಮವಾಗಿ ಮಡಿಚಿಕೊಳ್ಳಬೇಕು ಎಂಬ ವಿಚಾರವನ್ನು ಮರ್ಸಿಡಿಸ್ ಬೆಂಜ್‌ನ ಎಂಜಿನಿಯರ್ ಬೇಲಾ ಬಾರೆನ್ಯಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಮಾಡಿಸಿದ್ದರು. 1959ರಲ್ಲಿ ಅದೇ ಕಂಪನಿಯ ಕಾರುಗಳಲ್ಲಿ ಅದು ಕಾರ್ಯರೂಪಕ್ಕೆ ಬಂತು. ವೋಲ್ವೊ ಕಂಪನಿಯ ನೀಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಬಂದದ್ದೂ ಅದೇ ವರ್ಷ. ಮಡಿಚಿಕೊಳ್ಳುವ ಮೂತಿ ವೇಗ ಕುಗ್ಗಲು ಸಮಯ ಒದಗಿಸುತ್ತದೆ, ಬೆಲ್ಟ್ ಆ ಸಮಯದುದ್ದಕ್ಕೂ ದೇಹವನ್ನು ಕೋಣೆಯ ಜೊತೆಗೇ ಹಿಡಿದಿಡುತ್ತದೆ.

ಆದರೂ ಅಪಘಾತಕ್ಕೆ ಸಿಕ್ಕಿ ಕೊನೆಯಾಗುವ ಕಾರುಗಳು ಕೆಲವೇ. ಹಳೆಯ ಕಾರುಗಳನ್ನು ಅತಿ ಹೆಚ್ಚು ಸಂಖ್ಯೆಯಲ್ಲಿ ನುಂಗಿದ್ದು ತುಕ್ಕು. ಚಕ್ರ ಚಿಮ್ಮಿಸಿದ ಕೆಸರು ಮತ್ತು ಉಪ್ಪುನೀರು, ಪಟ್ಟಿಗಳ ಟೊಳ್ಳು ಭಾಗಗಳಲ್ಲೂ ಎರಡು ತಗಡು ಒಂದರ ಮೇಲೊಂದು ಕೂಡುವ ಸಂದಿಗಳಲ್ಲೂ ನಿಲ್ಲುತ್ತದೆ. ಬಣ್ಣ ಹೊರಗಿನಿಂದ ಹೊಳೆಯುತ್ತಿರುವಾಗಲೇ ಒಳಗಿನ ಉಕ್ಕು ಪುಡಿಯಾಗುತ್ತಿರುತ್ತದೆ. ತಗಡು ಕೊಂಚ ದಪ್ಪಗಿದ್ದರೆ ತೂತು ಬೀಳಲು ಒಂದೆರಡು ವರ್ಷ ಹೆಚ್ಚು ಹಿಡಿಯುತ್ತದೆ, ಅಷ್ಟೇ ಪ್ರಯೋಜನ. 1970ರ ದಶಕದಲ್ಲಿ ಈ ಕಾಯಿಲೆ ಎಷ್ಟು ತೀವ್ರವಾಗಿತ್ತೆಂದರೆ, ಎಂಜಿನ್ ಕೂರುವ ಉಪಚೌಕಟ್ಟಿಗೆ ತುಕ್ಕು ಹಿಡಿದ ಲಾನ್ಚಿಯಾ ಬೀಟಾ ಕಾರುಗಳನ್ನು ತಯಾರಕರು 1980ರಲ್ಲಿ ಬ್ರಿಟನ್ನಿನ ಮಾಲೀಕರಿಂದ ಮರಳಿ ಕೊಳ್ಳಬೇಕಾಯಿತು.

ಇದಕ್ಕೆ ಪರಿಹಾರ ದೊರಕಿಸಿದ್ದು ರಸಾಯನವಿಜ್ಞಾನ. ಉಕ್ಕಿನ ಮೇಲೆ ಸತುವಿನ ತೆಳು ಪದರವಿದ್ದರೆ, ಬಣ್ಣ ಕೆರೆದುಹೋದಲ್ಲಿ ಎಲೆಕ್ಟ್ರಾನುಗಳನ್ನು ಮೊದಲು ಬಿಟ್ಟುಕೊಡುವುದು ಸತು. ಅದು ತಾನು ಸವೆಯುತ್ತ ಉಕ್ಕನ್ನು ಕಾಯುತ್ತದೆ. 1970ರ ದಶಕದ ಮಧ್ಯದಲ್ಲಿ ಪೋರ್ಷೆ 911, ನಂತರ 1980ರ ದಶಕದ ಮಧ್ಯದಲ್ಲಿ ಆಡಿ 100 ಸತು ಲೇಪಿತ ಒಡಲನ್ನು ಪಡೆದವು. ಇದರ ಜೊತೆಗೆ ಬಂದ ವಿದ್ಯುತ್ ಲೇಪನವನ್ನು ನಾನು ಕಾರು ತಯಾರಿಕೆಯ ಅತ್ಯಂತ ಸೊಗಸಾದ ಕ್ರಿಯೆಗಳಲ್ಲಿ ಒಂದೆಂದು ಭಾವಿಸುತ್ತೇನೆ. ಬೆಸುಗೆ ಮುಗಿದ ಇಡೀ ಒಡಲನ್ನು ಬಣ್ಣದ ಕಣಗಳಿರುವ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಡಲನ್ನು ಋಣಧ್ರುವವಾಗಿಸಿ ವಿದ್ಯುತ್ ಹರಿಸುತ್ತಾರೆ. ಧನವಿದ್ಯುದಂಶ ಹೊತ್ತ ಕಣಗಳು ಉಕ್ಕಿಗೆ ಬಂದು ಅಂಟುತ್ತವೆ. ಅಂಟಿದ ಪದರ ವಿದ್ಯುತ್ತನ್ನು ತಡೆಯುವುದರಿಂದ, ಹರಿವು ಇನ್ನೂ ಬರಿದಾಗಿರುವ ಜಾಗವನ್ನು ತಾನಾಗಿಯೇ ಹುಡುಕಿಕೊಂಡು ಹೋಗುತ್ತದೆ. ಹೊರಮೈ ತುಂಬಿದ ಮೇಲೆ ಟೊಳ್ಳುಗಳ ಒಳಗೋಡೆಗೂ ಲೇಪ ತಲುಪುತ್ತದೆ. ಯಾವ ಕುಂಚವೂ ಯಾವ ಪಿಚಕಾರಿಯೂ ಮುಟ್ಟಲಾರದ ಮೂಲೆಯಲ್ಲಿ ಕೂಡ ಹೀಗೆ ಸುಮಾರು 20 ಮೈಕ್ರಾನ್ ದಪ್ಪದ ಪದರ ಕೂರುತ್ತದೆ. 1970ರ ದಶಕದ ಉತ್ತರಾರ್ಧದಿಂದ ಹರಡಿದ ಈ ವಿಧಾನವೂ ಸತುವೂ ಸೇರಿ, ಅರ್ಧ ಶತಮಾನದ ಹಿಂದೆ ಆರೇಳು ವರ್ಷಕ್ಕೇ ಅಂಚುಗಳು ಉದುರುತ್ತಿದ್ದ ಒಡಲನ್ನು ಇಪ್ಪತ್ತು ವರ್ಷ ನಿಲ್ಲುವಂತೆ ಮಾಡಿವೆ.

ಎಂಜಿನ್ನಿನ ಸವೆತದ ಕಥೆಯೂ ಇದೇ ದಿಕ್ಕಿನಲ್ಲಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇದ್ದ ಕಾರನ್ನು ಚಳಿಯಲ್ಲಿ, ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದು ಶುರು ಮಾಡಿದಾಗ, ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲನ್ನೂ ತೆಳುವಾಗಿಸುತ್ತಿತ್ತು. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಸ್ಪಾರ್ಕ್ ಪ್ಲಗ್ಗಿನ ಮೇಲೆ ಕೂರುತ್ತಿತ್ತು, ಅದನ್ನು ಹೊರಹಾಕಲು ಸೇರಿಸುತ್ತಿದ್ದ ರಾಸಾಯನಿಕಗಳು ಆಮ್ಲವಾಗಿ ಲೋಹವನ್ನು ಕೊರೆಯುತ್ತಿದ್ದವು. 1967ರಲ್ಲಿ ಬಾಷ್ ಕಂಪನಿ ವಾಹನಗಳಿಗೆ ಕೊಟ್ಟ ಎಲೆಕ್ಟ್ರಾನಿಕ್ ಇಂಧನ ಚುಚ್ಚುವಿಕೆ (ಫ್ಯೂಯಲ್ ಇಂಜೆಕ್ಷನ್) ಮುಂದೆ ಎಲ್ಲೆಡೆ ಹರಡಿ, ಹನಿಯ ಲೆಕ್ಕವನ್ನು ಕರಾರುವಾಕ್ಕಾಗಿಸಿತು. ಸೀಸವೂ ಹೋಯಿತು, ಎಣ್ಣೆಗಳೂ ಸಿಲಿಂಡರ್ ಕೊರೆಯುವ ಯಂತ್ರಗಳ ನಿಖರತೆಯೂ ಸುಧಾರಿಸಿದವು. ಅಮೆರಿಕದ ಅನೇಕ ಹಳೆಯ ಕಾರುಗಳ ಓಡೋಮೀಟರಿನಲ್ಲಿ ಐದೇ ಅಂಕೆಗಳಿದ್ದು, 99,999 ಮೈಲಿ ದಾಟಿದರೆ ಅದು ಸೊನ್ನೆಗೆ ಮರಳುತ್ತಿತ್ತು. ಕಾರು ಅಷ್ಟು ದೂರ ಹೋಗುವುದು ಅಪರೂಪವೆಂದು ತಯಾರಕರೇ ಎಣಿಸಿದ್ದರು. ಆ ದೇಶದ ರಸ್ತೆಗಳ ಮೇಲಿದ್ದ ಕಾರುಗಳ ಸರಾಸರಿ ವಯಸ್ಸು 1970ರ ಸುಮಾರಿಗೆ ಆರು ವರ್ಷಕ್ಕೂ ಕಡಿಮೆಯಿತ್ತು. ಈಗ ಅದು 12 ವರ್ಷ ದಾಟಿದೆ. ಹೊಸ ಕಾರುಗಳ ಬೆಲೆ ಏರಿದ್ದೂ ಇದಕ್ಕೊಂದು ಕಾರಣವಿರಬಹುದು, ಆದರೆ ಬಾಳದ ವಸ್ತುವನ್ನು ಯಾರೂ ಬಲವಂತದಿಂದ ಬಾಳಿಸಲಾರರು.

ಇಂದು ನಮ್ಮ ಕಣ್ಣಿಗೆ ಬೀಳುವ ಹಳೆಯ ಕಾರುಗಳು ತಮ್ಮ ಪೀಳಿಗೆಯಲ್ಲಿ ಉಳಿದುಕೊಂಡ ಕೆಲವೇ ಕೆಲವು ಎಂಬುದನ್ನೂ ಮರೆಯಬಾರದು. ಅಮೆರಿಕದ ಇರ್ವ್ ಗಾರ್ಡನ್ ಎಂಬವರು ತಮ್ಮ 1966ರ ವೋಲ್ವೊ ಪಿ1800ಎಸ್ ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ಓಡಿಸಿದ್ದರು. ಆ ಸಾಧನೆಯಲ್ಲಿ ಕಾರಿನ ಪಾಲಿರುವಷ್ಟೇ ಅದನ್ನು ತಪ್ಪದೆ ನೋಡಿಕೊಂಡ ಮನುಷ್ಯನ ಪಾಲೂ ಇದೆ. ಮತ್ತು ಆ ಕಾರು ಕಳಚಿ ಸರಿಪಡಿಸಲು ಒಪ್ಪುವಂತಿತ್ತು. ಕೆಟ್ಟ ಕಾರನ್ನು ಮತ್ತೆ ಓಡುವಂತೆ ಮಾಡಲು ಬರುತ್ತದೆಯೇ ಎಂಬ ನನ್ನ ಎರಡನೆಯ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಹೊಸ ಕಾರಿನ ದುರ್ಬಲ ಜಾಗ ಲೋಹದಿಂದ ಪ್ಲಾಸ್ಟಿಕ್ಕಿಗೂ ಎಲೆಕ್ಟ್ರಾನಿಕ್ ಚಿಪ್ಪಿಗೂ ಸರಿದಿದೆ. ತೂಕ ಇಳಿಸಲು ಎಂಜಿನ್ನಿನ ಸುತ್ತ ಗಾಜಿನ ಎಳೆ ಬೆರೆಸಿದ ನೈಲಾನಿನ ಭಾಗಗಳನ್ನು ಬಳಸುತ್ತಾರೆ: ರೇಡಿಯೇಟರಿನ ತುದಿಯ ಪೆಟ್ಟಿಗೆಗಳು, ಎಂಜಿನ್ನನ್ನು ತಣಿಸುವ ಕೂಲಂಟ್ ದ್ರವದ ಕೊಳವೆಗಳು, ಗಾಳಿ ಒಳಬರುವ ನಾಳ. ದಿನವೂ ನೂರು ಡಿಗ್ರಿಯ ಆಸುಪಾಸಿಗೆ ಕಾದು ತಣಿಯುವ ಈ ಭಾಗಗಳಲ್ಲಿ, ಬಿಸಿ ಕೂಲಂಟ್ ಪಾಲಿಮರ್ ಸರಪಳಿಗಳನ್ನು ನಿಧಾನವಾಗಿ ಕತ್ತರಿಸುತ್ತ ಹೋಗುತ್ತದೆ. ಹತ್ತು ಹದಿನೈದು ವರ್ಷಗಳ ನಂತರ ಮುಟ್ಟಿದರೆ ಮುರಿಯುವಷ್ಟು ಅವು ಪೆಡಸಾಗಿರುತ್ತವೆ. ಉಕ್ಕಿನ ಅಥವಾ ಹಿತ್ತಾಳೆಯ ಭಾಗ ಸೋರಿದರೆ ಬೆಸುಗೆ ಹಾಕಬಹುದಿತ್ತು. ಬಿರುಕು ಬಿಟ್ಟ ನೈಲಾನಿಗೆ ನಂಬಬಹುದಾದ ಮದ್ದಿಲ್ಲ.

ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಟೆಸ್ಲಾ ಕಂಪನಿಯ ಒಂದು ಪ್ರಕರಣ ಬಹಳಷ್ಟನ್ನು ಕಲಿಸುತ್ತದೆ. ಅದರ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ನಡುವಣ ಪರದೆಯನ್ನು ನಡೆಸುವ ಕಂಪ್ಯೂಟರಿನಲ್ಲಿ 8 ಗಿಗಾಬೈಟ್‌ನ ಫ್ಲಾಶ್ ಮೆಮೊರಿ ಇತ್ತು. ಫ್ಲಾಶ್ ಮೆಮೊರಿಯ ಪ್ರತಿ ಕೋಶವನ್ನು ಅಳಿಸಿ ಬರೆಯಲು ಒಂದು ಮಿತಿ ಇರುತ್ತದೆ. ಇಲ್ಲಿ ಅದು ಸುಮಾರು 3,000 ಸಲ. ಕಾರು ತನ್ನ ದಿನಚರಿಯನ್ನು ಎಡೆಬಿಡದೆ ಬರೆದಿಡುತ್ತಿದ್ದುದರಿಂದ ಕೆಲವೇ ವರ್ಷಗಳಲ್ಲಿ ಮಿತಿ ಮುಗಿದು ಪರದೆ ಕಪ್ಪಾಗತೊಡಗಿತು; ಅದರೊಂದಿಗೆ ಹಿಂದಿನ ಕ್ಯಾಮೆರಾದ ನೋಟವೂ ಗಾಜಿನ ಮಂಜು ತೆಗೆಯುವ ನಿಯಂತ್ರಣವೂ ನಿಂತವು. 2021ರಲ್ಲಿ ಅಮೆರಿಕದ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ಮರಳಿ ಕರೆಯಬೇಕಾಯಿತು. ಮೋಟಾರು, ಬ್ಯಾಟರಿ, ಒಡಲು ಎಲ್ಲವೂ ಸರಿಯಿದ್ದ ಕಾರನ್ನು ಉಗುರಿನಗಲದ ಒಂದು ಚಿಪ್ಪು ಹೀಗೆ ಕಟ್ಟಿಹಾಕಬಲ್ಲದು. ಕಂಪನಿ ನಡೆಯುತ್ತಿರುವಾಗ, ಚಿಪ್ಪು ಸಿಗುತ್ತಿರುವಾಗ ಇದಕ್ಕೆ ಪರಿಹಾರವಿದೆ. ಮೂವತ್ತು ವರ್ಷಗಳ ನಂತರದ ಮೆಕ್ಯಾನಿಕ್ ಹಿತ್ತಾಳೆಯ ಬುಷ್ ಒಂದನ್ನು ಲೇತ್ ಯಂತ್ರದಲ್ಲಿ ಕಡೆದುಕೊಳ್ಳಬಲ್ಲ. ತಯಾರಿಕೆ ನಿಂತುಹೋದ ಚಿಪ್ಪನ್ನು, ಅದರೊಳಗಿನ ತಂತ್ರಾಂಶವನ್ನು, ಅವನು ಮಾಡಿಕೊಳ್ಳಲಾರ.

ಮುಂದೀಪವನ್ನು ನೋಡಿದರೆ ಗಳಿಕೆಯೂ ನಷ್ಟವೂ ಒಟ್ಟಿಗೆ ಕಾಣುತ್ತವೆ. ಅಮೆರಿಕದಲ್ಲಿ 1940ರಿಂದ 1950ರ ದಶಕದ ಉತ್ತರಾರ್ಧದವರೆಗೆ ಎಲ್ಲ ಕಾರುಗಳಿಗೂ 7 ಇಂಚು ವ್ಯಾಸದ ಒಂದೇ ಅಳತೆಯ ಮುಚ್ಚಿದ ದೀಪ ಕಡ್ಡಾಯವಾಗಿತ್ತು. ಅದರ ಬೆಳಕು ಇಂದಿನ ಅಳತೆಯಲ್ಲಿ ಮಂದವೇ. ಆದರೆ ಅದು ಕೆಟ್ಟರೆ ತಿರುಪುಳಿ ಹಿಡಿಯಬಲ್ಲ ಯಾರಾದರೂ ಕೆಲವು ನಿಮಿಷಗಳಲ್ಲಿ ಹೊಸದನ್ನು ಕೂರಿಸಬಹುದಿತ್ತು. ಇಂದಿನ ಎಲ್‌ಇಡಿ ದೀಪ ಎದುರಿನವರ ಕಣ್ಣು ಕುಕ್ಕದಂತೆ ತನ್ನ ಕಿರಣಗಳನ್ನು ತಿದ್ದಿಕೊಳ್ಳುವಷ್ಟು ಮುಂದುವರಿದಿದೆ. ಆದರೆ ಅದರ ಮುಂಗಾಜನ್ನು ಅಂಟಿನಿಂದ ಮುಚ್ಚಿರುವುದರಿಂದ, ಒಂದು ಡಯೋಡ್ ಅಥವಾ ಅದನ್ನು ನಡೆಸುವ ಸಣ್ಣ ಸರ್ಕಿಟ್ ಕೆಟ್ಟಾಗಲೂ ಎಷ್ಟೋ ಮಾದರಿಗಳಲ್ಲಿ ಇಡೀ ದೀಪವನ್ನೇ ಬದಲಿಸಬೇಕಾಗುತ್ತದೆ. ತೇವ ಒಳಹೋಗದಂತೆ ತಡೆಯುವುದು ಆ ಅಂಟಿನ ಕೆಲಸ. ರಬ್ಬರ್ ಸೀಲೂ ನಾಲ್ಕಾರು ತಿರುಪುಗಳೂ ಅದೇ ಕೆಲಸವನ್ನು ಮಾಡಬಲ್ಲವು. ಅದಕ್ಕಾಗಿ ತಯಾರಕರು ಬಿಟ್ಟುಕೊಡಬೇಕಾದದ್ದು ಕೆಲವು ಗ್ರಾಂ ತೂಕವನ್ನೂ ಜೋಡಣೆಯ ಕೆಲವು ಸೆಕೆಂಡುಗಳನ್ನೂ ಮಾತ್ರ.