ಸತ್ತವರ ಮಾತು ಹೇಳುವವರಿಗೆ ನಮ್ಮ ಮನೆಯ ವಿಷಯ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಕಳೆದ ವರ್ಷ ತೀರಿಕೊಂಡ ನಮ್ಮಪ್ಪ ತಮ್ಮ ಮೈಮೇಲೆ ಬಂದು ಮಾತನಾಡುತ್ತಾರೆ ಎನ್ನುವ ಒಬ್ಬರ ಬಳಿಗೆ ನಮ್ಮವ್ವ ನನ್ನನ್ನು ಕರೆದುಕೊಂಡು ಹೋಗಿದ್ದರು. ಹೊರಗಿನವರಿಗೆ ತಿಳಿಯಲು ಸಾಧ್ಯವೇ ಇಲ್ಲದ ಸಂಗತಿಗಳನ್ನು ಅವರು ಹೇಳಿದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಇದು ಸುಳ್ಳಾಗಿದ್ದರೆ ಅಷ್ಟು ಖಚಿತವಾಗಿ ಹೇಳಲು ಹೇಗೆ ಸಾಧ್ಯವಾಯಿತು? ಈಗ ಶಾಂತಿ ಮಾಡಿಸಲು ಹಣ ಕೇಳುತ್ತಿದ್ದಾರೆ.

ಉತ್ತರ: ‘ಖಚಿತವಾಗಿ ಹೇಳಿದರು’ ಎಂಬುದು ಅಂದು ಅಲ್ಲಿ ನಡೆದದ್ದರ ದಾಖಲೆಯಲ್ಲ, ಮನೆಗೆ ಬಂದ ಮೇಲೆ ನಿಮ್ಮ ಮನಸ್ಸಿನಲ್ಲಿ ಉಳಿದ ನೆನಪು. ಇವೆರಡರ ನಡುವೆ ಎಷ್ಟು ಅಂತರವಿರಬಹುದು ಎಂಬುದನ್ನು ಇಂಗ್ಲೆಂಡಿನಲ್ಲಿ ಎಸ್. ಜೆ. ಡೇವಿ ಎಂಬವರು ಹತ್ತೊಂಬತ್ತನೆಯ ಶತಮಾನದಲ್ಲೇ ತೋರಿಸಿಕೊಟ್ಟಿದ್ದಾರೆ. ಆತ್ಮಗಳು ಸ್ಲೇಟಿನ ಮೇಲೆ ತಾವಾಗಿಯೇ ಬರೆಯುತ್ತವೆ ಎಂಬ ನಂಬಿಕೆ ಅಲ್ಲಿ ಬಲವಾಗಿದ್ದ ಕಾಲವದು. ಡೇವಿ ಅದೇ ಪ್ರದರ್ಶನವನ್ನು ಬರೀ ಕೈಚಳಕದಿಂದ ನಡೆಸಿ, ಬಂದವರಿಗೆ ತಾವು ಕಂಡದ್ದನ್ನು ಬರೆದುಕೊಡಲು ಹೇಳಿದರು. 1887ರಲ್ಲಿ ಪ್ರಕಟವಾದ ಆ ಬರಹಗಳನ್ನು ನೋಡಿದರೆ, ಓದುಬರಹ ಬಲ್ಲ, ಪ್ರಾಮಾಣಿಕರಾದ ಜನರೇ ಮುಖ್ಯ ಘಟನೆಗಳನ್ನು ಬಿಟ್ಟುಬಿಟ್ಟಿದ್ದರು, ನಡೆದದ್ದರ ಕ್ರಮವನ್ನು ಹಿಂದುಮುಂದು ಮಾಡಿದ್ದರು. ಅವರಾರೂ ಸುಳ್ಳು ಹೇಳಿದವರಲ್ಲ. ಆದ್ದರಿಂದ ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂದೇಹವಿಲ್ಲದಿದ್ದರೂ ನಿಮ್ಮ ನೆನಪನ್ನು ಮಾತ್ರ ಸಾಕ್ಷಿಯಾಗಿ ಒಪ್ಪಿಕೊಳ್ಳಲಾರೆ.

ಇನ್ನು ಅಲ್ಲಿ ನಡೆದಿರಬಹುದಾದದ್ದಕ್ಕೆ ಬರೋಣ. ‘ಹ ಅಕ್ಷರದವರು ಯಾರೋ ಕಾಣಾಕತ್ತಾರ’ ಎಂದು ಒಬ್ಬರು ಹೇಳಿದರೆಂದು ಇಟ್ಟುಕೊಳ್ಳಿ. ಕೊಪ್ಪಳ, ರಾಯಚೂರಿನ ಕಡೆ ಹನುಮಂತ, ಹುಲಿಗೆಮ್ಮ, ಹುಲುಗಪ್ಪ, ಹಂಪಮ್ಮ ಇವರಲ್ಲಿ ಒಬ್ಬರಾದರೂ ಇಲ್ಲದ ಬಳಗವನ್ನು ಹುಡುಕುವುದೇ ಕಷ್ಟ. ‘ಹಿರಿಯರಿಗೆ ಹೊಲದ್ದೊಂದು ಕೊರಗಿತ್ತು’ ಎನ್ನುವುದೂ ಹಾಗೆಯೇ. ಅಣ್ಣತಮ್ಮಂದಿರ ಪಾಲಿನ ತಕರಾರು, ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದ ಚಿಂತೆ, ಭತ್ತದ ಬೆಳೆಗೆ ಮಾಡಿದ ಸಾಲ, ಇವುಗಳಲ್ಲಿ ಯಾವುದು ನಿಮ್ಮ ಮನೆಯದೋ ಅದನ್ನು ಆ ವಾಕ್ಯದೊಳಗೆ ನೀವೇ ತುಂಬಿಕೊಳ್ಳುತ್ತೀರಿ. ಅನಂತರ ‘ಹೊಲದ ವಿಷಯ ಅವರಿಗೆ ಹೇಗೆ ಗೊತ್ತಾಯಿತು’ ಎಂದು ಬೆರಗಾಗುವವರೂ ನೀವೇ.

ಇದಕ್ಕಿಂತ ಜಾಣತನದ್ದು ಅಲ್ಲಗಳೆಯುವ ಧಾಟಿಯ ಪ್ರಶ್ನೆ. ‘ಎದಿನೋವೇನೂ ಇರಲಿಲ್ಲಲ್ಲ?’ ಎಂದು ಕೇಳಿದಾಗ ನೀವು ‘ಇತ್ತರೀ’ ಎಂದರೆ ‘ಹೌದು, ಅದೇ ನನಗೂ ಕಾಣಾಕತ್ತಿತ್ತು’ ಎನ್ನಬಹುದು. ‘ಇರಲಿಲ್ಲ’ ಎಂದರೆ ‘ನಾನೂ ಅದನ್ನೇ ಹೇಳಿದ್ನಲ್ಲ’ ಎನ್ನಬಹುದು. ಎರಡು ಕಡೆಯೂ ಗೆಲ್ಲುವ ಇಂತಹ ಪ್ರಶ್ನೆಗಳನ್ನು, ಎದುರಿಗಿದ್ದವರ ಮುಖಭಾವ, ಉಸಿರು, ಕಣ್ಣೀರು ನೋಡಿಕೊಂಡು ಒಂದರ ಹಿಂದೊಂದು ಕೇಳುತ್ತಾ ಹೋಗುವವರಿಗೆ ಅರ್ಧ ಗಂಟೆಯಲ್ಲಿ ಮನೆಯ ಕಥೆಯ ಬಹುಭಾಗ ಸಿಕ್ಕಿಬಿಡುತ್ತದೆ. ನಿಮ್ಮವ್ವ ಅಂದು ಅಲ್ಲಿ ಎಷ್ಟು ಮಾತನಾಡಿದರು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಮಾತು ಹೆಚ್ಚಾಗಿರುವುದು ಕೇಳಲು ಹೋದವರದ್ದೇ.

ಎಲ್ಲರಿಗೂ ಒಪ್ಪುವ ಮಾತು ತನಗಾಗಿಯೇ ಆಡಿದಂತೆ ತೋರುವುದನ್ನು ಅಳತೆ ಮಾಡಿಯೂ ನೋಡಿದ್ದಾರೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ, ಪ್ರತಿಯೊಬ್ಬರ ಸ್ವಭಾವವನ್ನು ಪರೀಕ್ಷಿಸಿ ಬೇರೆಬೇರೆಯಾಗಿ ಬರೆದದ್ದು ಎಂದು ಹೇಳಿ ಒಂದೊಂದು ವಿವರಣೆ ಕೊಟ್ಟರು. ಅದು ಎಷ್ಟು ಸರಿಯಾಗಿದೆ ಎಂಬುದಕ್ಕೆ ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಅದರಲ್ಲೂ ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಈ ಮಾತಿನ ನಡುವೆ ನನಗೆ ಮೈಲಾರದ ಕಾರಣಿಕ ನೆನಪಾಗುತ್ತದೆ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರಕ್ಕೆ ಸೇರಿದ ಆ ಕ್ಷೇತ್ರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿಗೆ ರೈತರು ಮಳೆಬೆಳೆಯ ಅರ್ಥವನ್ನೂ ರಾಜಕಾರಣಿಗಳು ಚುನಾವಣೆಯ ಅರ್ಥವನ್ನೂ ಕಾಣುತ್ತಾರೆ. ಆ ಜನಪದ ಆಚರಣೆಯನ್ನು ನಿಮ್ಮಿಂದ ಹಣ ಕೇಳುತ್ತಿರುವವರ ಸಾಲಿಗೆ ನಾನು ಸೇರಿಸುತ್ತಿಲ್ಲ. ಅರ್ಥವನ್ನು ಕೇಳುವವರು ಹೇಗೆ ಕಟ್ಟಿಕೊಳ್ಳುತ್ತಾರೆ ಎಂಬುದಷ್ಟೇ ಇಲ್ಲಿಯ ಮಾತು.

ಆದರೂ ಊಹೆಯಿಂದ ಸಿಗಲಾರದ ವಿವರ, ಉದಾಹರಣೆಗೆ ಆಸ್ಪತ್ರೆಯ ಹೆಸರೋ ತೀರಿಕೊಂಡ ದಿನವೋ, ಅವರ ಬಾಯಿಂದ ಬಂದಿದ್ದರೆ? ಅಂತಹ ಸಂದರ್ಭದಲ್ಲಿ ವಿಷಯ ಮೊದಲೇ ತಲುಪಿರಬಹುದು. ಸರದಿಗಾಗಿ ಹೊರಗೆ ಕುಳಿತಾಗ ‘ಯಾವೂರ್ರೀ, ಏನಾಗಿತ್ತರೀ ಹಿರಿಯರಿಗೆ’ ಎಂದು ಪಕ್ಕದಲ್ಲಿದ್ದವರು ಕೇಳಿದರೆ ನಮ್ಮ ಕಡೆ ಯಾರೂ ಸುಮ್ಮನಿರುವುದಿಲ್ಲ. ಬರುವ ದಿನವನ್ನು ಫೋನಿನಲ್ಲಿ ಹೇಳಿಟ್ಟಿದ್ದರೆ ಆ ನಂಬರಿನಿಂದಲೇ ಹೆಸರು ತಿಳಿಯುತ್ತದೆ, ಹೆಸರಿನಿಂದ ಫೇಸ್‌ಬುಕ್‌ನಲ್ಲಿ ಹಾಕಿದ ಶ್ರದ್ಧಾಂಜಲಿಯ ಫೋಟೋ, ದಿನಾಂಕ, ಬಂಧುಗಳ ಸಂತಾಪ ಎಲ್ಲವೂ ಸಿಗುತ್ತವೆ. ಮೊಬೈಲ್ ಇಲ್ಲದ ಕಾಲದಲ್ಲೂ ದಾರಿಗಳಿದ್ದವು. ಅಮೆರಿಕದಲ್ಲಿ ಪೀಟರ್ ಪೊಪಾಫ್ ಎಂಬ ಧರ್ಮಪ್ರಚಾರಕ ಸಭೆಯಲ್ಲಿದ್ದವರ ಹೆಸರು, ಕಾಯಿಲೆ, ವಿಳಾಸಗಳನ್ನು ದೇವರ ಪ್ರೇರಣೆಯಿಂದ ತಿಳಿದವರಂತೆ ಹೇಳುತ್ತಿದ್ದರು. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಸಂಗಡಿಗರು ರೇಡಿಯೊ ಸಂಕೇತ ಹಿಡಿಯುವ ಸಾಧನವೊಂದನ್ನು ಒಯ್ದು ಆಲಿಸಿದಾಗ, ಜನರು ಮೊದಲೇ ತುಂಬಿಕೊಟ್ಟಿದ್ದ ಚೀಟಿಗಳನ್ನು ಪೊಪಾಫ್ ಅವರ ಹೆಂಡತಿ ಓದಿ ಗಂಡನ ಕಿವಿಯೊಳಗಿನ ಸಾಧನಕ್ಕೆ ಕಳುಹಿಸುತ್ತಿದ್ದುದು ಬಯಲಾಯಿತು.

ಮೈಮೇಲೆ ಬರುತ್ತದೆ ಎನ್ನುವವರೆಲ್ಲರೂ ತಿಳಿದೂ ತಿಳಿದೂ ವಂಚಿಸುತ್ತಾರೆ ಎಂದು ನಾನು ಹೇಳುವುದಿಲ್ಲ. ಕೆಲವರು ತಮ್ಮ ಶಕ್ತಿಯನ್ನು ತಾವೇ ನಿಜವಾಗಿ ನಂಬಿರುತ್ತಾರೆ. ಆದರೆ ಅವರ ನಂಬಿಕೆಯಿಂದ ಮಾತು ನಿಜವಾಗುವುದಿಲ್ಲ, ಅದಕ್ಕೆ ಪರೀಕ್ಷೆಯೇ ಆಗಬೇಕು. ಬ್ರಿಟನ್ನಿನ ಸಂಶೋಧಕರಾದ ಒಕೀಫ್ ಮತ್ತು ವೈಸ್‌ಮನ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸತ್ತವರೊಡನೆ ಮಾತನಾಡುತ್ತೇವೆ ಎನ್ನುವ ಐವರು ಐದು ಮಂದಿಯ ಬಗ್ಗೆ ಅವರ ಮುಖ ನೋಡದೆ ಹೇಳಬೇಕಿತ್ತು. ಯಾವುದು ತನ್ನದೆಂದು ತಿಳಿಸದೆ ಎಲ್ಲ ಹೇಳಿಕೆಗಳನ್ನೂ, ಯಾರ ಬಗ್ಗೆ ಹೇಳಲಾಗಿತ್ತೋ ಆ ಐದು ಮಂದಿಗೆ ಓದಿಸಿ ಅಂಕ ಹಾಕಿಸಲಾಯಿತು. ತಮಗಾಗಿ ಹೇಳಿದ್ದು ಇತರರಿಗೆ ಹೇಳಿದ್ದಕ್ಕಿಂತ ಹೆಚ್ಚು ಹೊಂದುತ್ತದೆ ಎಂಬುದಕ್ಕೆ ಯಾವ ಆಧಾರವೂ ಸಿಗಲಿಲ್ಲ.

ಇದರ ಸಣ್ಣ ರೂಪವನ್ನು ನೀವೂ ಮಾಡಬಹುದು. ಅವ್ವ ಮತ್ತೆ ಹೋಗಲೇಬೇಕು ಎಂದರೆ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ನಿಮ್ಮಪ್ಪನ ಬಗ್ಗೆ ಹೇಳಿದ್ದನ್ನೆಲ್ಲ, ತಪ್ಪಿದ್ದನ್ನೂ ಬಿಡದೆ, ಹೆಸರು ತೆಗೆದು ಬರೆದು, ತಂದೆಯನ್ನು ಕಳೆದುಕೊಂಡ ಬೇರೆ ಊರಿನ ಇಬ್ಬರು ಗೆಳೆಯರಿಗೆ ಕೊಟ್ಟು, ತಮಗೆ ಒಪ್ಪುವ ಸಾಲುಗಳಿಗೆ ಗುರುತು ಹಾಕಲು ಹೇಳಿ. ಆ ಹಾಳೆಯನ್ನು ಅವ್ವನಿಗೂ ತೋರಿಸಿ. ವಾದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ, ಮತ್ತು ಗಂಡನ ದನಿಯನ್ನು ಇನ್ನೊಮ್ಮೆ ಕೇಳಬೇಕೆಂಬ ಅವರ ಆಸೆಯನ್ನು ಹೀಯಾಳಿಸಿದಂತೆಯೂ ಆಗುವುದಿಲ್ಲ.

ಶಾಂತಿಯ ಹಣವನ್ನು ಮಾತ್ರ ಕೊಡಬೇಡಿ. ‘ಮಾಡಿಸದಿದ್ದರೆ ಮನೆಯಲ್ಲಿ ಇನ್ನೊಂದು ಸಾವಾಗುತ್ತದೆ’ ಎಂಬ ಬೆದರಿಕೆ ಬಂದರೆ ಆ ಮಾತನ್ನೂ, ಈಗಾಗಲೇ ಫೋನ್‌ಪೇಯಲ್ಲಿ ಏನಾದರೂ ಕೊಟ್ಟಿದ್ದರೆ ಅದರ ವಿವರವನ್ನೂ ಇಟ್ಟುಕೊಂಡು ಪೊಲೀಸ್ ಠಾಣೆಗೆ ಹೋಗಬಹುದು. ವಾಮಾಚಾರ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ ರಾಜ್ಯ 2017ರಲ್ಲಿ ರೂಪಿಸಿದ ಕಾಯ್ದೆ 2020ರಲ್ಲಿ ಜಾರಿಗೆ ಬಂದಿದೆ. ಅದರಡಿ ಒಂದರಿಂದ ಏಳು ವರ್ಷಗಳ ಸಜೆ ಮತ್ತು 5,000ದಿಂದ 50,000 ರೂಪಾಯಿಗಳವರೆಗೆ ದಂಡವಿದೆ. ಜ್ಯೋತಿಷ್ಯ ಮತ್ತು ವಾಸ್ತು ಸಲಹೆಯನ್ನು ಆ ಕಾಯ್ದೆ ಹೊರಗಿಟ್ಟಿರುವುದರಿಂದ ನಿಮ್ಮ ಪ್ರಕರಣ ಅದರೊಳಗೆ ಬರುತ್ತದೆಯೇ ಎಂಬುದು ಅಲ್ಲಿ ನಡೆದದ್ದನ್ನು ಅವಲಂಬಿಸಿದೆ. ಬಾರದಿದ್ದರೂ ಸುಳ್ಳು ನಂಬಿಸಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ಪ್ರಕಾರ ವಂಚನೆಯಾಗಬಲ್ಲದು, ಮತ್ತು ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು.