ಫ್ರೀ ಕಿಟ್‌ನಲ್ಲಿ ಇಲ್ಲದ ಪುಟ

ಪಾಠದ ಸಾಮಗ್ರಿ ರಿವ್ಯೂ ಮಾಡೋದು ನನ್ನ ಕೆಲಸ. ಸೈನ್ಸ್ ಟೀಚರ್‌ಗಳು ಪುಸ್ತಕ ಕಳಿಸಿ ಕೇಳೋದು ಒಂದೇ, 'ಇದ್ರಲ್ಲಿ ತಪ್ಪೇನಾದ್ರೂ ಇದ್ಯಾ ನೋಡಿ' ಅಂತ. ತೈಲ, ಕಲ್ಲಿದ್ದಲು ಕಂಪನಿಗಳ ದುಡ್ಡಲ್ಲಿ ತಯಾರಾದ ಪುಸ್ತಕದಲ್ಲಿ ತಪ್ಪು ಹುಡುಕ್ತಾ ಕೂತ್ರೆ ಎಷ್ಟೋ ಸಲ ಏನೂ ಸಿಗಲ್ಲ, ಅಚ್ಚಾಗಿರೋದೆಲ್ಲಾ ನಿಜಾನೇ ಇರುತ್ತೆ, ಅಲ್ಲೇ ಇರೋದು ಮಜಾ.

ಅಮೆರಿಕದ ಒಕ್ಲಹೋಮ ನೋಡಿ. ಅಲ್ಲಿ 1993ರಲ್ಲಿ ಕಾನೂನು ಮಾಡಿ ಎನರ್ಜಿ ರಿಸೋರ್ಸಸ್ ಬೋರ್ಡ್ ಅಂತ ಶುರು ಮಾಡಿದ್ರು, ಸರ್ಕಾರಿ ಸಂಸ್ಥೆನೇ, ದುಡ್ಡು ಮಾತ್ರ ತೈಲ-ಗ್ಯಾಸ್ ತೆಗೆಯೋರದ್ದು. ಟೀಚರ್‌ಗಳಿಗೆ ಫ್ರೀ ಟ್ರೈನಿಂಗು, ಫ್ರೀ ಕಿಟ್ಟು. ಪುಟ್ಟ ಮಕ್ಕಳಿಗೆ ಪೆಟ್ರೋ ಪೀಟ್ ಅನ್ನೋ ಹುಡುಗನ ಕಥೆ. ಬೆಳಗ್ಗೆ ಎದ್ದು ನೋಡ್ತಾನೆ, ಟೂತ್‌ಬ್ರಷ್ ಇಲ್ಲ, ಹೆಲ್ಮೆಟ್ ಇಲ್ಲ, ಸೈಕಲ್ ಟೈರೂ ಮಾಯ, ಪೈಜಾಮದಲ್ಲೇ ನಡ್ಕೊಂಡು ಸ್ಕೂಲಿಗೆ ಹೋದ್ರೆ, ನಿನ್ನ ಪೆಟ್ರೋಲಿಯಂ ವಸ್ತುಗಳೆಲ್ಲಾ ಕಾಣೆಯಾಗಿವೆ ಅಂತಾರೆ ಟೀಚರ್. ಪೆಟ್ರೋಲಿಯಂ ಇಲ್ಲದ ಲೋಕ ಅಂದ್ರೆ ಕೆಟ್ಟ ಕನಸು, ಕಥೆ ಅಷ್ಟೇ.

ಟೂತ್‌ಬ್ರಷ್ ಪೆಟ್ರೋಲಿಯಂನಿಂದ ಬರುತ್ತೆ ಅನ್ನೋದು ಸುಳ್ಳಲ್ಲ. ಆದ್ರೆ ನೆಲದಿಂದ ತೆಗೆದ ಎಣ್ಣೆಲಿ ಬಹುಪಾಲು ಹೋಗೋದು ಬ್ರಷ್ ಮಾಡೋಕಲ್ಲ, ಸುಡೋಕೆ, ಸುಟ್ಟಾಗ ಬರೋ ಕಾರ್ಬನ್ ಡೈಆಕ್ಸೈಡ್ ಕಥೆಗೆ ಬೇಕಾಗಿಲ್ಲ. ಸ್ಕಾಲಾಸ್ಟಿಕ್ ಪ್ರಕಾಶನದ್ದೂ ಹಿಂಗೇ ಆಯ್ತು, ಅಮೆರಿಕನ್ ಕೋಲ್ ಫೌಂಡೇಶನ್ ದುಡ್ಡಲ್ಲಿ ನಾಲ್ಕನೇ ಕ್ಲಾಸಿಗೆ ಮಾಡಿದ ಪಾಠದಲ್ಲಿ ಕಲ್ಲಿದ್ದಲಿನ ಲಾಭ ಇತ್ತು, ಗಣಿಯಿಂದಾಗೋ ಹಾಳು, ಹಸಿರುಮನೆ ಅನಿಲ ಇರಲಿಲ್ಲ. ಗಲಾಟೆ ಆದ್ಮೇಲೆ 2011ರಲ್ಲಿ ವಾಪಸ್ ತಗೊಂಡ್ರು.

ಇದನ್ನ ಯಾರೋ ಗೊತ್ತಿಲ್ದೆ ಮಾಡಿದ್ದು ಅಂದ್ಕೋಬೇಡಿ. 1998ರಲ್ಲಿ ತೈಲ ಕಂಪನಿಗಳ ಸಂಘವಾದ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕಡೆಯ ಒಂದು ಪ್ಲಾನ್ ಹೊರಗೆ ಬಂತು, ಹವಾಮಾನ ವಿಜ್ಞಾನ ಇನ್ನೂ ಖಚಿತ ಇಲ್ಲ ಅಂತ ಶಾಲೆಗಳಲ್ಲಿ ಹೇಳಿಸಿದ್ರೆ ಮುಂದೆ ಹಸಿರುಮನೆ ಅನಿಲ ಕಡಿಮೆ ಮಾಡೋ ಕ್ಯೋಟೋ ತರದ ಒಪ್ಪಂದಗಳಿಗೆ ಅಡ್ಡಗೋಡೆ ಆಗುತ್ತೆ ಅನ್ನೋದು ಅದರಲ್ಲೇ ಇತ್ತು.

ಟೀಚರ್‌ಗಳನ್ನ ಬೈಯೋಕೆ ನಂಗೆ ಮನಸ್ಸಾಗಲ್ಲ. ಒಬ್ರು ಮೇಡಂ ನಂಗೆ ನೇರವಾಗೇ ಹೇಳಿದ್ರು, 'ಸರ್, ಲ್ಯಾಬಲ್ಲಿ ನೆಟ್ಟಗಿರೋ ಥರ್ಮಾಮೀಟರ್ ಎರಡೇ, ಅವ್ರು ಡಬ್ಬಿ ತುಂಬಾ ಕಳಿಸ್ತಾರೆ, ಬೇಡ ಅನ್ಲಾ?' ಅಂತ. ಬೇಡ ಅನ್ಬೇಡಿ ಮೇಡಂ, ಇಟ್ಕೊಳ್ಳಿ ಅಂದೆ, ಥರ್ಮಾಮೀಟರ್ ಯಾರ ಪರಾನೂ ಮಾತಾಡಲ್ಲ. ಜೊತೆಗೆ ಬಂದ ಪುಸ್ತಕ ಓದಿಸೋ ದಿನ ಮಾತ್ರ ಮೊದ್ಲು ಹಿಂದಿನ ಕವರ್ ತಿರುಗಿಸಿ, ಸಣ್ಣ ಅಕ್ಷರದಲ್ಲಿ ದುಡ್ಡು ಕೊಟ್ಟವರ ಹೆಸರು ಇರುತ್ತೆ, ಮಕ್ಕಳ ಕೈಲೇ ಜೋರಾಗಿ ಓದಿಸಿ, ಆಮೇಲೆ ಒಂದು ಖಾಲಿ ಹಾಳೆ ಕೊಟ್ಟು ಎಣ್ಣೆ ಸುಟ್ಟಾದ್ಮೇಲೆ ಏನಾಗುತ್ತೆ ಅಂತ ಬರೆಸಿ ಅಲ್ಲೇ ಅಂಟಿಸ್ಬಿಡಿ.