ಓದುಗರ ಪ್ರಶ್ನೆ: ಲೆಕ್ಕವೆಲ್ಲ ಸಿಂಕ್ ಆಗುತ್ತಿರುವಾಗ ಬ್ಯಾಕಪ್ ಏಕೆ?

ಪ್ರಶ್ನೆ: ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ನಮ್ಮ ದಲಾಲಿ ಅಂಗಡಿ ಇದೆ. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರನ್ನು ಗೂಗಲ್ ಡ್ರೈವ್‌ಗೆ ಸಿಂಕ್ ಮಾಡಿದ್ದೇವೆ. ಆದರೂ ದಿನಾ ಬ್ಯಾಕಪ್ ತೆಗೆಯಬೇಕೆಂದು ಆಡಿಟರ್ ಗಂಟುಬಿದ್ದಿದ್ದಾರೆ. ಎರಡೆರಡು ಕೆಲಸ ಏಕೆ?

ಆಡಿಟರ್ ಹೇಳುತ್ತಿರುವುದೇ ಸರಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳೂ ಗದಗದ ಪ್ರೆಸ್ಸಿನವರೂ ಇದನ್ನೇ ಕೇಳುತ್ತಾರೆ, ನಾನೂ ಇದನ್ನೇ ಹೇಳುತ್ತೇನೆ, ಮುಂದಿನ ಮಾರ್ಚ್‌ಗೆ ಅವರೇ ಮತ್ತೆ ಕೇಳುತ್ತಾರೆ. ‘ಹಸಿರು ಟಿಕ್ ಬಿದ್ದಿದೆಯಲ್ಲ ಸರ್’ ಎಂಬುದು ಎಲ್ಲರ ವಾದ. ಆ ಟಿಕ್ ಹೇಳುವುದು ಇಷ್ಟೇ: ಇಲ್ಲಿ ಈಗ ಏನಿದೆಯೋ ಅಲ್ಲಿಯೂ ಅದೇ ಇದೆ. ಇಲ್ಲಿರುವುದು ಸರಿಯಿದೆಯೇ ಎಂದು ಅದು ನೋಡುವುದಿಲ್ಲ. ಬಿಲ್ ಪುಸ್ತಕದ ಕಾರ್ಬನ್ ಪ್ರತಿಯ ಹಾಗೆ, ಮೇಲೆ ತಪ್ಪು ಬರೆದರೆ ಕೆಳಗೂ ಅದೇ ತಪ್ಪು ಮೂಡುತ್ತದೆ.

ಡ್ರೈವ್‌ನಂತಹ ತಂತ್ರಾಂಶ ಒಂದು ಫೋಲ್ಡರನ್ನು ಕಾಯುತ್ತಿರುತ್ತದೆ. ಯಾವ ಫೈಲ್ ಬದಲಾಯಿತೋ ಅದನ್ನು ಮೇಲಕ್ಕೆ ಕಳಿಸುತ್ತದೆ, ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ. ಲೆಡ್ಜರ್ (ಖಾತೆ) ಎಂದರೇನು, ವೋಚರ್ (ಒಂದು ವ್ಯವಹಾರದ ನಮೂದು) ಎಂದರೇನು ಎಂಬುದು ಅದಕ್ಕೆ ಗೊತ್ತಿಲ್ಲ. ಈಗ ನಿಮ್ಮ ದಿವಾಣಜಿ ಫೆಬ್ರುವರಿಯ ಬಿಲ್ಲೊಂದನ್ನು ತಿದ್ದಲು ಹೋಗಿ ಆಲ್ಟ್ ಡಿ ಒತ್ತಿದರೆನ್ನಿ. ಅಳಿಸಬೇಕೇ ಎಂದು ಟ್ಯಾಲಿ ಕೇಳುತ್ತದೆ, ಅವಸರದಲ್ಲಿ ಎಂಟರ್ ಬೀಳುತ್ತದೆ. ಇಂಟರ್ನೆಟ್ ಚೆನ್ನಾಗಿದ್ದರೆ ಚಹಾ ಬರುವಷ್ಟರಲ್ಲಿ ಆ ಬಿಲ್ ಇಲ್ಲದ ಲೆಕ್ಕ ಕ್ಲೌಡ್ ಸೇರಿರುತ್ತದೆ, ಟಿಕ್ ಮಾತ್ರ ಹಸಿರಾಗಿಯೇ ಇರುತ್ತದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಹೊಕ್ಕರೂ ಇದೇ ಕಥೆ, ಬೀಗ ಬಿದ್ದ ಫೈಲುಗಳೇ ಶ್ರದ್ಧೆಯಿಂದ ಮೇಲಕ್ಕೆ ಹೋಗುತ್ತವೆ.

‘ಡ್ರೈವ್‌ನಲ್ಲಿ ಹಳೆಯ ಆವೃತ್ತಿ ಸಿಗುತ್ತದಲ್ಲ’ ಎನ್ನುವ ಜಾಣರೂ ಇದ್ದಾರೆ. ಸಿಗುತ್ತದೆ, ಸಾಮಾನ್ಯವಾಗಿ 30 ದಿನಗಳವರೆಗೆ. ಕಸದಬುಟ್ಟಿಗೂ ಅಷ್ಟೇ ಆಯುಷ್ಯ. ಆದರೆ ನಿಮ್ಮ ಆಡಿಟರ್ ಫೆಬ್ರುವರಿಯ ಬಿಲ್ ಹುಡುಕುವುದು ಯಾವಾಗ? ತೆರಿಗೆ ಆಡಿಟ್ ವರದಿಗೆ ಸೆಪ್ಟೆಂಬರ್ 30 ಗಡುವು ಎಂದಾದರೆ ಆಗಸ್ಟ್‌ಗಿಂತ ಮೊದಲು ಯಾರ ಫೈಲೂ ತೆರೆಯುವುದಿಲ್ಲ, ಇದು ಊರಿಗೇ ಗೊತ್ತಿರುವ ಸಂಗತಿ. ಇನ್ನು 30 ದಿನದೊಳಗೇ ಎಚ್ಚರವಾಯಿತು ಎಂದಿಟ್ಟುಕೊಳ್ಳೋಣ. ಟ್ಯಾಲಿಯಲ್ಲಿ ಒಂದು ಕಂಪನಿ (ಒಂದು ಅಂಗಡಿಯ ಲೆಕ್ಕಕ್ಕೆ ಅದು ಇಡುವ ಹೆಸರು) ಎಂದರೆ ಒಂದು ಫೈಲ್ ಅಲ್ಲ, ಅಂಕಿಗಳ ಹೆಸರಿನ ಫೋಲ್ಡರಿನೊಳಗೆ ಒಂದನ್ನೊಂದು ನಂಬಿಕೊಂಡಿರುವ ಹಲವು ಫೈಲುಗಳು. ಒಂದೇ ವೋಚರ್ ಬರೆದರೂ ಅವುಗಳಲ್ಲಿ ಕೆಲವು ಒಟ್ಟಿಗೆ ಬದಲಾಗುತ್ತವೆ. ಒಂದು ಫೈಲನ್ನು ಮಾತ್ರ ಹಿಂದಿನ ತಿಂಗಳಿಗೆ ಎಳೆದರೆ ಉಳಿದವು ಇಂದಿನವೇ ಆಗಿರುತ್ತವೆ. ಆ ಕಂಪನಿ ತೆರೆಯುವುದೇ ಕಷ್ಟ.

ಇದೇ ಕಾರಣಕ್ಕೆ ಬಳಕೆಯಲ್ಲಿರುವ ಡೇಟಾ ಫೋಲ್ಡರನ್ನು ಸಿಂಕ್‌ಗೆ ಹಾಕುವುದೇ ಅಪಾಯ. ಟ್ಯಾಲಿ ತೆರೆದಿರುವಾಗಲೇ ಸಿಂಕ್ ಓಡಿದರೆ ಅರ್ಧ ಹೊಸದು, ಅರ್ಧ ಹಳೆಯದು ಮೇಲೆ ಸೇರಬಹುದು. ಅಂಗಡಿಯಲ್ಲೂ ಮನೆಯಲ್ಲೂ ಅದೇ ಫೋಲ್ಡರ್ ತೆರೆದು ಇಬ್ಬರು ಬರೆದರೆ ಒಬ್ಬರು ಬರೆದದ್ದು ಬೇರೆ ಹೆಸರಿನ ಪ್ರತಿಯಾಗಿ ಮೂಲೆಗೆ ಬೀಳುತ್ತದೆ, ಇಲ್ಲವೇ ಇನ್ನೊಬ್ಬರದರ ಕೆಳಗೆ ಮುಚ್ಚಿಹೋಗುತ್ತದೆ. ಬೇರೆ ಹೆಸರಿನ ಆ ಪ್ರತಿಯನ್ನು ಟ್ಯಾಲಿ ಕಣ್ಣೆತ್ತಿಯೂ ನೋಡುವುದಿಲ್ಲ.

ಟ್ಯಾಲಿಯದೇ ಸಿಂಕ್ ಸೌಲಭ್ಯ ಬೇರೆ ವಿಷಯ. ಅದಕ್ಕೆ ವೋಚರ್ ಗೊತ್ತು. ಹಾವೇರಿ ಶಾಖೆಯ ಬಿಲ್ಲುಗಳನ್ನು ಹುಬ್ಬಳ್ಳಿಯ ಲೆಕ್ಕಕ್ಕೆ ಸೇರಿಸಲು ಅದು ತಕ್ಕದ್ದು. ಆದರೆ ಅಲ್ಲಿಯೂ ಲೆಕ್ಕ ಇರುವುದು ಆ ಎರಡು ಕಂಪ್ಯೂಟರುಗಳಲ್ಲೇ, ನಡುವಿನ ಸರ್ವರ್ ಬರೀ ದಾರಿ. ‘ನಮ್ಮ ಲೆಕ್ಕ ಟ್ಯಾಲಿಯವರ ಬಳಿ ಇದ್ದೇ ಇರುತ್ತದೆ’ ಎಂದುಕೊಂಡು ಹಾರ್ಡ್ ಡಿಸ್ಕ್ ಸುಟ್ಟ ಮೇಲೆ ಫೋನ್ ಮಾಡುವವರಿಗೆ ನನ್ನ ಬಳಿ ಉತ್ತರವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಡೇಟಾ ಫೋಲ್ಡರನ್ನು ಸಿಂಕ್‌ನಿಂದ ಹೊರಗೆ ತನ್ನಿ. ಸಂಜೆ ಅಂಗಡಿ ಮುಚ್ಚುವ ಮುನ್ನ ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ವೈ ಒತ್ತಿ ಬ್ಯಾಕಪ್ ತೆಗೆದು, ಆ ದಿನದ ತಾರೀಖಿನ ಹೆಸರಿರುವ ಬೇರೆ ಫೋಲ್ಡರಿನಲ್ಲಿಡಿ. ಸಿಂಕ್ ಆಗಬೇಕಾದದ್ದು ಆ ಬ್ಯಾಕಪ್ ಫೋಲ್ಡರ್. ವಾರಕ್ಕೊಮ್ಮೆ ಒಂದು ಪ್ರತಿ ಪೆನ್ ಡ್ರೈವ್‌ನಲ್ಲಿ ಮನೆಗೆ ಹೋಗಲಿ. ಆಗಾಗ ಒಂದು ಬ್ಯಾಕಪ್ಪನ್ನು ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ (ಮರಳಿ ತೆರೆದು) ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಬಾಕಿಯ ಪಟ್ಟಿ, ತಾಳೆ ನೋಡಿ. ಖಾಲಿ ಫೋಲ್ಡರಿಗೆ ಎಂದಿದ್ದೇನೆ, ನಡೆಯುತ್ತಿರುವ ಕಂಪನಿಯ ಮೇಲೆ ಅಲ್ಲ.

ನೀವು ಕೇಳದಿದ್ದರೂ ಒಂದು ಮಾತು: ಆ ಡ್ರೈವ್ ಖಾತೆ ಯಾರ ಹೆಸರಿನಲ್ಲಿದೆ? ಹತ್ತರಲ್ಲಿ ಎಂಟು ಅಂಗಡಿಗಳಲ್ಲಿ ಅದು ದಿವಾಣಜಿಯ ಸ್ವಂತ ಜಿಮೇಲ್ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಅವರು ಕೆಲಸ ಬಿಟ್ಟ ದಿನ ನಿಮ್ಮ ಲೆಕ್ಕವೂ ಅವರ ಹಿಂದೆ ಹೋಗುತ್ತದೆ. ಉಚಿತ ಖಾತೆಯ 15 ಜಿಬಿ ಜಾಗ ಮೇಲ್, ಫೋಟೊ, ಡ್ರೈವ್ ಮೂರಕ್ಕೂ ಸೇರಿದ್ದು. ಅವರ ತಂಗಿಯ ಮದುವೆಯ ವಿಡಿಯೊಗಳಿಂದ ಅದು ತುಂಬಿದರೆ ಸಿಂಕ್ ನಿಂತುಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ಅಂಗಡಿಯ ಹೆಸರಿನಲ್ಲೇ ಖಾತೆ ಮಾಡಿ, ಪಾಸ್‌ವರ್ಡ್ ಮಾಲೀಕರ ಬಳಿಯೇ ಇರಲಿ.

ನೋಂದಾಯಿತ ಕಂಪನಿಗಳಾದರೆ ಲೆಕ್ಕದ ಬ್ಯಾಕಪ್ ಪ್ರತಿದಿನ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಇರಬೇಕೆಂಬ ನಿಯಮ 2022ರಿಂದ ಇದೆ. ನಿಮ್ಮದು ಪಾಲುದಾರಿಕೆಯೋ ಒಬ್ಬರದೇ ಅಂಗಡಿಯೋ ಆದರೆ ಅದು ಅನ್ವಯಿಸದು. ಆದರೆ ಜಿಎಸ್‌ಟಿ ನೋಂದಣಿ ಇದ್ದರೆ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಲೆಕ್ಕ ಉಳಿಸಲೇಬೇಕು. 2023-24ರ ಗಡುವು 2024ರ ಡಿಸೆಂಬರ್ 31, ಅಂದರೆ ಆ ವರ್ಷದ ಲೆಕ್ಕ 2030ರ ಕೊನೆಯವರೆಗೂ ತೆರೆಯುವಂತಿರಬೇಕು. ಪ್ರತಿ ಮಾರ್ಚ್ 31ರ ಬ್ಯಾಕಪ್ಪನ್ನು ಬೇರೆ ಡಿಸ್ಕಿಗೆ ಹಾಕಿ, ಟ್ಯಾಲಿಯ ಯಾವ ರಿಲೀಸ್‌ನಲ್ಲಿ (ಆವೃತ್ತಿಯಲ್ಲಿ) ತೆಗೆದದ್ದು ಎಂದು ಚೀಟಿ ಅಂಟಿಸಿ. ಹೊಸ ರಿಲೀಸ್‌ನ ಡೇಟಾ ಹಳೆಯ ರಿಲೀಸ್‌ನಲ್ಲಿ ತೆರೆಯುವುದಿಲ್ಲ.